ಗಣಿಯ ಛಾವಣಿ ಮತ್ತು ಕಾಣದ ಸಿಮೆಂಟು

ಚಿನ್ನದ ಬೆಲೆಯನ್ನು ಕುರಿತು ಚರ್ಚಿಸುವವರು ನಮ್ಮಲ್ಲಿ ಹಲವರುಂಟು. ಅದನ್ನು ಅಗೆದು ತೆಗೆಯುವವನ ತಲೆಯ ಮೇಲಿನ ಬಂಡೆಯನ್ನು ಕುರಿತು ಚಿಂತಿಸುವವರು ವಿರಳ. 3 ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿದ್ದ ಕೋಲಾರದ ಚಾಂಪಿಯನ್ ರೀಫ್ ಗಣಿಯು ಶಿಲಾಸ್ಫೋಟಗಳಲ್ಲಿ ಎಷ್ಟೋ ಮಂದಿ ಕೆಲಸಗಾರರನ್ನು ಬಲಿ ತೆಗೆದುಕೊಂಡಿತು. 2001ರಲ್ಲಿ ಅಲ್ಲಿಯ ಗಣಿಗಳು ಮುಚ್ಚಿದವು. ಆದರೆ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ನಮ್ಮ ಜನರು ನೆಲದಾಳಕ್ಕೆ ಇಳಿಯುತ್ತಿರುವರು. ಆದುದರಿಂದ ಗಣಿಯ ಛಾವಣಿಯ ಭದ್ರತೆಯು ನಮಗೆ ದೂರದ ಮಾತಲ್ಲ.

ಛಾವಣಿಯ ಸಡಿಲ ಬಂಡೆಯನ್ನು ಮೇಲಿನ ಗಟ್ಟಿ ಬಂಡೆಗೆ ಬಿಗಿಯುವ ಸಾಧನಗಳಲ್ಲಿ ಕೇಬಲ್ ಬೋಲ್ಟ್ ಎಂಬುದು ಮುಖ್ಯವಾದುದು. ಬಂಡೆಯಲ್ಲಿ ಉದ್ದವಾದ ರಂಧ್ರವನ್ನು ಕೊರೆದು, ಉಕ್ಕಿನ ಹುರಿಯನ್ನು ಅದರೊಳಗೆ ಸೇರಿಸಿ, ಸಿಮೆಂಟನ್ನು ತುಂಬುವರು. 1960ರ ದಶಕದಲ್ಲಿ ಕೆನಡಾ ಮತ್ತು ದಕ್ಷಿಣ ಆಫ್ರಿಕದ ಗಣಿಗಳಲ್ಲಿ ಇದು ಮೊದಲಾದಾಗ, ತೊಟ್ಟಿಲುಗಳನ್ನು ಎಳೆದು ಸವೆದ ಹಳೆಯ ಹಗ್ಗಗಳನ್ನೇ ಜಿಡ್ಡು ತೊಳೆದು ಬಳಸುತ್ತಿದ್ದರು. ಇಂದು ಸಾಮಾನ್ಯವಾಗಿ 7 ಎಳೆಗಳನ್ನು ಹೊಸೆದ, 15.2 ಮಿಲಿಮೀಟರ್ ದಪ್ಪದ ಹುರಿಯನ್ನು ಬಳಸುವರು. ಅದು ಸುಮಾರು 25 ಟನ್ ಭಾರವನ್ನು ತಡೆಯಬಲ್ಲುದು.

ಇದರ ಲೆಕ್ಕವು ಪಂಡಿತರಿಗೆ ಮಾತ್ರ ಮೀಸಲಾದುದಲ್ಲ. ಛಾವಣಿಯ 3 ಮೀಟರ್ ದಪ್ಪದ ಬಂಡೆಯು ಸಡಿಲಿದೆಯೆಂದು ಭಾವಿಸೋಣ. ಒಂದು ಘನ ಮೀಟರ್ ಬಂಡೆಯ ತೂಕ ಸುಮಾರು 2.7 ಟನ್. ಹುರಿಗಳನ್ನು 2 ಮೀಟರಿಗೊಂದರಂತೆ ಎರಡು ದಿಕ್ಕಿಗೂ ಹಾಕಿದರೆ ಒಂದೊಂದರ ಪಾಲಿಗೂ 32 ಟನ್ ಬೀಳುವುದು, ಹುರಿ ಹರಿಯುವುದು. ಒಂದೂವರೆ ಮೀಟರಿಗೊಂದರಂತೆ ಹಾಕಿದರೆ ಭಾರವು 18 ಟನ್ನಿಗೆ ಇಳಿಯುವುದು. ಸಡಿಲ ಪದರವನ್ನು ದಾಟಿ ಗಟ್ಟಿ ಬಂಡೆಯೊಳಗೆ ಕನಿಷ್ಠ 2 ಮೀಟರಾದರೂ ಹುರಿಯು ಹೊಕ್ಕಿರಬೇಕು. ಹುರಿಗಳ ಸಂಖ್ಯೆಯನ್ನು ಕಡಿಮೆ ಮಾಡಿ ಉಳಿತಾಯ ತೋರಿಸುವ ಅಧಿಕಾರಿಯು ಈ ಲೆಕ್ಕವನ್ನು ಒಮ್ಮೆ ನೋಡಲಿ.

ಆದರೆ ಕಾಗದದ ಮೇಲಿನ ಲೆಕ್ಕ ಸರಿಯಿದ್ದ ಮಾತ್ರಕ್ಕೆ ಛಾವಣಿ ನಿಲ್ಲದು. ಉಕ್ಕನ್ನೂ ಬಂಡೆಯನ್ನೂ ಒಂದುಗೂಡಿಸುವುದು ಸಿಮೆಂಟು. 50 ಕಿಲೋಗ್ರಾಮ್ ಚೀಲಕ್ಕೆ 17ರಿಂದ 20 ಲೀಟರ್ ನೀರು ಸಾಕು. ಅಷ್ಟು ಗಟ್ಟಿಯಾದುದನ್ನು ಪಂಪಿನಿಂದ ಏರಿಸುವುದು ಕಷ್ಟ. ಇನ್ನೊಂದು ಬಿಂದಿಗೆ ನೀರು ಸುರಿದರೆ ಕೆಲಸ ಹಗುರ. ಆ ಬಿಂದಿಗೆಯೇ ಹಿಡಿತವನ್ನು ಕೆಡಿಸುವುದು. ಆಗ ಹುರಿಯು ಹರಿಯುವುದಿಲ್ಲ, ಜಾರಿ ಬರುವುದು. ರಂಧ್ರದೊಳಗಿನ ಈ ದೋಷವು ಹೊರಗಿನಿಂದ ನೋಡುವವನಿಗೆ ಕಾಣದು. ಇಷ್ಟೇ ಅಲ್ಲ: ಸಮೀಪದಲ್ಲಿ ಅದಿರನ್ನು ತೆಗೆದಂತೆಲ್ಲ ಬಂಡೆಯ ಒತ್ತಡವು ಸಡಿಲಿ, ನಿನ್ನೆ ಬಿಗಿಯಾಗಿದ್ದ ಹುರಿಯು ನಾಳೆ ಜಾರಬಹುದು.

ಶಿಲಾಸ್ಫೋಟದ ರಭಸಕ್ಕೆ ಇದೊಂದೇ ಪರಿಹಾರವೆಂದು ನಾವು ಹೇಳುವುದಿಲ್ಲ. ಆದರೆ ಈ ಸಾಧನವನ್ನು ಬಳಸುವೆಡೆಯಲ್ಲೆಲ್ಲ ಹುರಿಗೆ ಮಂಜೂರಾದ ಹಣದೊಡನೆ, ನೀರನ್ನು ಅಳೆಯುವವನಿಗೂ ಹುರಿಯನ್ನು ಎಳೆದು ಪರೀಕ್ಷಿಸುವವನಿಗೂ ಹಣವು ಮಂಜೂರಾಗಬೇಕು. ಸಿಮೆಂಟು ಕಲಸುವವನಿಗೆ ಅವಸರ ಮಾಡುವ ಮೇಲಧಿಕಾರಿ ಇರಬಾರದು. ಗಣಿಗೆ ಇಳಿಯುವವನು ಆ ಸಿಮೆಂಟನ್ನು ಪರೀಕ್ಷಿಸಲಾರ. ಮೇಲಿರುವವರ ಪ್ರಾಮಾಣಿಕತೆಯನ್ನು ನಂಬಿ ಇಳಿಯುವನು. ಆ ನಂಬಿಕೆಗೆ ತಕ್ಕಂತೆ ನಡೆಯುವುದು ನಮ್ಮೆಲ್ಲರ ಕರ್ತವ್ಯ.