ಹೊಸ ಊರು, ಮಕ್ಕಳ ಶಾಲೆ

ವರ್ಗವಾಗಿ ಹೊಸ ಊರಿಗೆ ಹೋಗುವ ಗೃಹಸ್ಥರು ಮೊದಲು ಮನೆಯನ್ನು ಗೊತ್ತುಮಾಡಿ, ಅನಂತರ ಮಕ್ಕಳಿಗೆ ಶಾಲೆಯನ್ನು ಹುಡುಕುವುದು ವಾಡಿಕೆ. ಈ ಕ್ರಮವನ್ನು ತಿರುಗಿಸುವುದು ಲೇಸು. ಒಳ್ಳೆಯ ಸರ್ಕಾರಿ ಪ್ರಾಥಮಿಕ ಶಾಲೆಯನ್ನು ಕಂಡುಕೊಂಡು, ಎಳೆಯ ಮಗು ನಡೆದು ಹೋಗಬಲ್ಲಷ್ಟು ದೂರದಲ್ಲಿ ಮನೆ ಹಿಡಿಯಬೇಕು.

ಶಾಲೆಯ ಯೋಗ್ಯತೆಯನ್ನು ಕಟ್ಟಡದಿಂದ ಅಳೆಯಲಾಗದು. ತರಗತಿಗಳೆಷ್ಟು, ಉಪಾಧ್ಯಾಯರೆಷ್ಟು ಮಂದಿ ಎಂದು ವಿಚಾರಿಸಿರಿ. ನಮ್ಮ ದೇಶದ 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ, ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳಿರುವ ಶಾಲೆಗೆ ಇಬ್ಬರು ಉಪಾಧ್ಯಾಯರಿದ್ದರೂ ಸಾಕು. ಅಂಥಲ್ಲಿ ಒಂದು ತರಗತಿಗೆ ಪಾಠ ನಡೆಯುವಾಗ ಮಿಕ್ಕ ಮಕ್ಕಳು ಏನು ಮಾಡುತ್ತಿರುವರೆಂಬುದನ್ನು ಕಣ್ಣಾರೆ ನೋಡಿ ನಿರ್ಧರಿಸಬೇಕು.

ಹಳೆಯ ಶಾಲೆಯ ವರ್ಗಾವಣೆ ಪತ್ರವು ತಡವಾಯಿತೆಂದು ಮಗುವನ್ನು ಮನೆಯಲ್ಲಿ ಉಳಿಸಬೇಡಿರಿ. ಆ ಕಾರಣಕ್ಕಾಗಿ ಸರ್ಕಾರಿ ಶಾಲೆಯು ಪ್ರವೇಶವನ್ನು ನಿರಾಕರಿಸಕೂಡದೆಂದು ಅದೇ ಕಾಯಿದೆಯು ವಿಧಿಸಿದೆ. ಹಿರಿಯರ ವರ್ಗಾವಣೆಗಾಗಿ ಮಗು ಒಂದು ದಿನದ ಪಾಠವನ್ನೂ ಕಳೆದುಕೊಳ್ಳಬೇಕಾಗಿಲ್ಲ.