ಸ್ಕೂಟರಿನ ಬೆಲ್ಟು ಮತ್ತು ಕಳೆದುಹೋದ ವೇಗ

ಕಳೆದ ಮಳೆಗಾಲದ ಒಂದು ಸಂಜೆ ತಂಗಿಯ ಮಗ ಪುಟ್ಟ ಪೊಟ್ಟಣವೊಂದನ್ನು ತಂದು ನನ್ನ ಮುಂದಿಟ್ಟ. ಒಳಗೆ ಹೆಬ್ಬೆರಳಿನ ತುದಿಯಷ್ಟು ದಪ್ಪದ ಆರು ರೋಲರುಗಳು. “ಮಾವ, ಇವನ್ನು ಹಾಕಿದರೆ ಗಾಡಿ ನೂರು ದಾಟುತ್ತದಂತೆ” ಎಂದ.

ಅವನ ಗಾಡಿ ಗೇರಿಲ್ಲದ 110 ಸಿ.ಸಿ. ಸ್ಕೂಟರು. ಕುಂಬಳೆಯಿಂದ ಮಂಗಳೂರಿಗೆ ನಿತ್ಯ ಓಡಾಡಿ ದಣಿದಿತ್ತು. ಮೊದಲು ಸಲೀಸಾಗಿ 80 ಮುಟ್ಟುತ್ತಿದ್ದುದು ಈಗ 70ಕ್ಕೇ ಏದುಸಿರು ಬಿಡುತ್ತಿತ್ತು.

ಈ ಸ್ಕೂಟರುಗಳ ಎಡಮಗ್ಗುಲಿನ ಮುಚ್ಚಳದೊಳಗೆ ಏನಿದೆಯೆಂದು ನೋಡಿದವರು ವಿರಳ. 1958ರಲ್ಲಿ ಹಾಲೆಂಡಿನ ಡಾಫ್ ಕಂಪೆನಿ ತನ್ನ ಕಾರಿಗೆ ಅಳವಡಿಸಿದ ಉಪಾಯವೇ ಇಲ್ಲಿಯೂ ಇರುವುದು. ಎಂಜಿನ್ನಿನ ಪುಲ್ಲಿ ಎರಡು ಓರೆ ತಟ್ಟೆಗಳಿಂದಾದುದು. ಒಂದು ಸ್ಥಿರವಾದದ್ದು, ಇನ್ನೊಂದು ಸರಿದಾಡುವಂಥದು. ಸರಿದಾಡುವ ತಟ್ಟೆಯ ಬೆನ್ನಿಗೆ ಮೇಲೆ ಹೇಳಿದಂಥ ರೋಲರುಗಳಿರುತ್ತವೆ. ಎಂಜಿನ್ನು ರಭಸದಿಂದ ಸುತ್ತಿದಂತೆ ಅವು ಹೊರಕ್ಕೆ ಉರುಳಿ ತಟ್ಟೆಯನ್ನು ಒತ್ತುತ್ತವೆ. ತಟ್ಟೆಗಳು ಹತ್ತಿರವಾದಂತೆ ನಡುವಿನ ಬೆಲ್ಟು ಅಂಚಿನತ್ತ ಏರುತ್ತದೆ. ಬೆಲ್ಟಿನ ಉದ್ದ ಬದಲಾಗದು. ಆದ್ದರಿಂದ ಹಿಂದಿನ ಪುಲ್ಲಿಯಲ್ಲಿ ಅದು ಸ್ಪ್ರಿಂಗನ್ನು ಅಮುಕಿ ಒಳಕ್ಕೆ ಇಳಿಯುತ್ತದೆ. ಸವಾರನಿಗೆ ತಿಳಿಯದಂತೆಯೇ ಗೇರು ಬದಲಾಗುತ್ತಾ ಹೋಗುವುದು ಹೀಗೆ.

ಹಗುರವಾದ ರೋಲರು ಹಾಕಿದರೆ ತಟ್ಟೆಯನ್ನು ತಳ್ಳಲು ಎಂಜಿನ್ನು ಹೆಚ್ಚು ಸುತ್ತಬೇಕು. ಏರು ಹತ್ತುವಾಗ, ನಿಂತಲ್ಲಿಂದ ಹೊರಡುವಾಗ ಗಾಡಿ ಚುರುಕಾಗುವುದು ನಿಜ. ಪೆಟ್ರೋಲು ಮಾತ್ರ ಹೆಚ್ಚು ಬೇಕು. ಆದರೆ ತಟ್ಟೆಗಳು ಕೂಡುವ ಕೊನೆಯ ಎಲ್ಲೆ ಮೊದಲಿನದೇ. ಆ ಎಲ್ಲೆಯನ್ನೂ ಮೀರಬೇಕೆಂದು ತಟ್ಟೆಗಳ ನಡುವಿನ ಕೊಳವೆಯನ್ನು ಉಜ್ಜಿ ಗಿಡ್ಡ ಮಾಡುವವರುಂಟು, ಹಿಂದಿನ ಚಕ್ರದ ಗೇರನ್ನೇ ಬದಲಿಸುವವರೂ ಉಂಟು. ಅವರಿಗೆ ಎದುರಾಗುವುದು ಗಾಳಿ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. 80ರಿಂದ 90ಕ್ಕೆ ಹೋಗಲು ಗಾಳಿಯೊಂದಕ್ಕೇ ಶೇಕಡಾ 40ಕ್ಕಿಂತ ಹೆಚ್ಚಿನ ಶಕ್ತಿ ಬೇಕು. ಎಂಟು ಅಶ್ವಶಕ್ತಿಯ ಆಸುಪಾಸಿನ ಎಂಜಿನ್ನು ಅದನ್ನೆಲ್ಲಿಂದ ತಂದೀತು? ಅಂಚು ಮೀರಿ ಏರಿದ ಬೆಲ್ಟು ಹರಿದರಂತೂ ಲಾರಿಗಳ ನಡುವೆ ಗಾಡಿ ಬಲಗುಂದಿ ನಿಂತುಬಿಡುತ್ತದೆ. ಜೊತೆಗೆ, ಅನುಮತಿಯಿಲ್ಲದ ಮಾರ್ಪಾಡಿಗೆ 2019ರ ತಿದ್ದುಪಡಿಯಂತೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ.

ಇಷ್ಟನ್ನು ಹೇಳಿದರೆ ಇಪ್ಪತ್ತರ ಹುಡುಗ ಒಪ್ಪುವನೆ? ಭಾನುವಾರ ಮುಚ್ಚಳ ಬಿಚ್ಚಿಯೇಬಿಟ್ಟೆವು. ಹಳೆಯ ಬೆಲ್ಟನ್ನು ಇರಿಸಿಕೊಂಡೇ ಅವನ ರೋಲರು ಹಾಕಿ ನೋಡಿದೆವು. ಗಾಡಿ ನೆಗೆದು ಹೊರಟಿತು, ಎಂಜಿನ್ನು ಅರಚಿತು, ಮುಳ್ಳು 72ರಲ್ಲಿ ನಿಂತಿತು. (ಕೇರಳದಲ್ಲಿ 2023ರಿಂದ ದ್ವಿಚಕ್ರಗಳಿಗೆ 60ರ ಮಿತಿ. ಆ ದಿನ ನಾವು ಅದನ್ನು ಮೀರಿದೆವೆಂಬುದನ್ನು ಮುಚ್ಚಿಡಲಾರೆ.)

ಆಮೇಲೆ ಹಳೆಯ ಭಾಗಗಳನ್ನು ಬೆಳಕಿಗೆ ಹಿಡಿದೆವು. ರೋಲರುಗಳು ಒಂದು ಬದಿಗೆ ಸವೆದು ಚಪ್ಪಟೆಯಾಗಿದ್ದವು. ಚಪ್ಪಟೆಯಾದದ್ದು ಪೂರ್ತಿ ಉರುಳದೆ ಅರ್ಧದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಬೆಲ್ಟಿನ ಅಗಲ ಕೈಪಿಡಿಯಲ್ಲಿ ಹೇಳಿದ ಸವೆತದ ಮಿತಿಗಿಂತಲೂ ಕಡಿಮೆಯಾಗಿತ್ತು. ಬೆಲ್ಟು ಸಪೂರವಾದರೆ ತಟ್ಟೆಗಳು ಪೂರ್ತಿ ಕೂಡಿದಾಗಲೂ ಅಂಚಿನವರೆಗೆ ಏರದೆ ಕೆಳಗೇ ಉಳಿಯುತ್ತದೆ. ಕಳೆದುಹೋದ ವೇಗ ಅಡಗಿದ್ದುದು ಅಲ್ಲಿ! ಕಂಪೆನಿಯ ಅಳತೆಯದೇ ಹೊಸ ಬೆಲ್ಟು, ಮೊದಲಿನ ತೂಕದವೇ ರೋಲರು ಹಾಕಿದ ಮೇಲೆ ಮುಳ್ಳು 81 ತೋರಿಸಿತು. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ.

ಜಗಲಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದ ತಂಗಿ, “ಅಣ್ಣಾ, ಓಡುವುದನ್ನು ಇಬ್ಬರೂ ನೋಡಿದಿರಿ. ನಿಲ್ಲುವುದನ್ನು ಯಾರಾದರೂ ನೋಡಿದಿರಾ?” ಎಂದಳು. 80ರಲ್ಲಿ ನಿಲ್ಲಲು ಬೇಕಾಗುವ ದೂರಕ್ಕಿಂತ 90ರಲ್ಲಿ ಕಾಲುಪಾಲಿಗೂ ಮಿಕ್ಕಿ ಹೆಚ್ಚು ಬೇಕೆಂಬ ಲೆಕ್ಕ ನನಗೆ ನೆನಪಾದದ್ದು ಆಗಲೇ. ಹಿಂದಿನ ಚಕ್ರ ಕಳಚಿ ನೋಡಿದರೆ ಬ್ರೇಕ್ ಶೂಗಳು ತೆಳುವಾಗಿ ಲೋಹ ಕಾಣಿಸುವಂತಿದ್ದವು.

ಮರುದಿನ ಅವನ್ನೂ ಹಾಕಿಸಿದೆವು. ಆ ಬಿಲ್ಲನ್ನು ಕೊಟ್ಟವನು ನಾನು.