ಕಂಪೈಲ್ ಆಯಿತಲ್ಲ, ಇನ್ನೇನು?

ವಾಷಿಂಗ್ ಮಷೀನ್, ಆಸ್ಪತ್ರೆಯ ಇನ್‌ಫ್ಯೂಷನ್ ಪಂಪ್, ಕಾರ್ಖಾನೆಯ ಕಂಟ್ರೋಲರ್ ಇವುಗಳಲ್ಲೆಲ್ಲ ಹೇಳಿದ ಹೊತ್ತಿಗೆ ಕೆಲಸ ಮುಗಿಸುವ ಪುಟ್ಟ ಆಪರೇಟಿಂಗ್ ಸಿಸ್ಟಂ ಇರಬಹುದು. ಅದೇ ಆರ್‌ಟಿಓಎಸ್. ಒಮ್ಮೆ ಕೂರಿಸಿದ ಮೇಲೆ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ‘ಓಡ್ತಾ ಇದೆಯಲ್ಲ, ಯಾಕೆ ಮುಟ್ಟೋದು?’ 2019ರಲ್ಲಿ ವಿಎಕ್ಸ್‌ವರ್ಕ್ಸ್ ಎಂಬ ಆರ್‌ಟಿಓಎಸ್‌ನ ನೆಟ್‌ವರ್ಕ್ ಭಾಗದಲ್ಲಿ 11 ಭದ್ರತಾ ದೋಷಗಳು ಹೊರಬಿದ್ದಾಗ ಈ ಧೋರಣೆಗೆ ಪೆಟ್ಟು ಬಿತ್ತು. ‘ಅರ್ಜೆಂಟ್/11’ ಎಂದು ಕರೆದ ಈ ದೋಷಗಳಲ್ಲಿ 6 ತೀರಾ ಗಂಭೀರ. ದೂರದಲ್ಲಿ ಕೂತವರು ಸಾಧನವನ್ನೇ ವಶಕ್ಕೆ ತೆಗೆದುಕೊಳ್ಳಬಹುದಿತ್ತು.

ಇಂಥ ದೋಷ ಮುಚ್ಚಲು ಅಪ್‌ಗ್ರೇಡ್ ಬೇಕು. ಆದರೆ ಅಪ್‌ಗ್ರೇಡ್ ಎಂದೊಡನೆ ಎಂಜಿನಿಯರುಗಳು ಹೆದರುವುದು ಕಂಪೈಲರ್ ಕಾರುವ ನೂರಾರು ಎರರ್‌ಗಳಿಗೆ. ನನ್ನ ಪ್ರಕಾರ ಅವು ನಿರುಪದ್ರವಿಗಳು. 2014ರಲ್ಲಿ ಫ್ರೀಆರ್‌ಟಿಓಎಸ್ 8ನೇ ಆವೃತ್ತಿ ಡೇಟಾ ಟೈಪ್‌ಗಳ ಹೆಸರನ್ನೇ ಬದಲಿಸಿತು. ಹಳೆಯ ಹೆಸರುಗಳೂ ನಡೆಯುವಂತೆ ಒಂದು ಸೆಟ್ಟಿಂಗ್ ಇಟ್ಟಿತು, ಕಥೆ ಮುಗಿಯಿತು. ಜೆಫಿರ್ ಎಂಬ ಇನ್ನೊಂದು ಆರ್‌ಟಿಓಎಸ್ ಇನ್ನೂ ಜಾಣತನ ತೋರಿತು. ಅಲ್ಲಿ ಎಷ್ಟು ಹೊತ್ತು ಕಾಯಬೇಕೆಂದು ಮಿಲಿಸೆಕೆಂಡಿನಲ್ಲಿ ಬರೀ ಒಂದು ಸಂಖ್ಯೆ ಕೊಟ್ಟರೆ ಸಾಕಿತ್ತು. 2020ರ 2.3 ಆವೃತ್ತಿಯಲ್ಲಿ ಅದಕ್ಕೆ ಬೇರೆಯೇ ಟೈಪ್ ಬಂತು. ಹಳೆಯ ಕೋಡ್ ಹಾಗೇ ಬಿಟ್ಟರೆ ಕಂಪೈಲರ್ ತಡೆಯುತ್ತದೆ. ಗೊಣಗಿದವರುಂಟು, ಆದರೆ ಮುರಿಯುವುದಾದರೆ ಹೀಗೆ ಸದ್ದು ಮಾಡಿಯೇ ಮುರಿಯಬೇಕು.

ಸದ್ದಿಲ್ಲದೆ ಕೆಡುವುದಕ್ಕೆ ಒಂದು ಉದಾಹರಣೆ ನೋಡಿ. ಮೂಲ ಫ್ರೀಆರ್‌ಟಿಓಎಸ್‌ನಲ್ಲಿ ಟಾಸ್ಕ್ ಒಂದಕ್ಕೆ 512 ಸ್ಟ್ಯಾಕ್ (ಅದರ ತಾತ್ಕಾಲಿಕ ಮೆಮೊರಿ) ಎಂದರೆ 512 ವರ್ಡ್. 32 ಬಿಟ್ ಚಿಪ್‌ನಲ್ಲಿ 2048 ಬೈಟ್. ಇಎಸ್‌ಪಿ32 ಚಿಪ್‌ಗಳಿಗೆಂದು ಅವುಗಳ ತಯಾರಕ ಎಸ್ಪ್ರೆಸಿಫ್ ಮಾರ್ಪಡಿಸಿದ ಆವೃತ್ತಿಯಲ್ಲಿ ಅದೇ 512 ಎಂದರೆ ಬರೀ 512 ಬೈಟ್. ಫಂಕ್ಷನ್ ಹೆಸರು ಅದೇ, ಆರ್ಗ್ಯುಮೆಂಟ್ ಅದೇ, ಒಂದು ವಾರ್ನಿಂಗ್ ಕೂಡ ಬರುವುದಿಲ್ಲ. ಟೇಬಲ್ ಮೇಲೆ ಚೆನ್ನಾಗಿಯೇ ಓಡಬಹುದು. ಎಂದೋ ಒಂದು ಉದ್ದನೆಯ ಮೆಸೇಜ್ ಬಂದಾಗ ಸ್ಟ್ಯಾಕ್ ಉಕ್ಕಿ ಪಕ್ಕದ ಮೆಮೊರಿಯನ್ನು ಕೆಡಿಸುತ್ತದೆ. ಸಮಯದ ಲೆಕ್ಕವೂ ಹಾಗೆಯೇ. ‘100 ಟಿಕ್ ಕಾಯಿ’ ಎಂದು ಬರೆದ ಕೋಡ್, ಟಿಕ್ ದರ 1000 ಹರ್ಟ್ಸ್ ಇದ್ದಲ್ಲಿ 100 ಮಿಲಿಸೆಕೆಂಡ್ ಕಾಯುತ್ತದೆ. 100 ಹರ್ಟ್ಸ್ ಇದ್ದಲ್ಲಿ ಇಡೀ ಒಂದು ಸೆಕೆಂಡ್. ಹಾಗಾಗಿ ವರ್ಷನ್ ಬದಲಿಸುವ ಮೊದಲೇ, ಹಳೆಯದರಲ್ಲೇ ಪ್ರತಿ ಟಾಸ್ಕ್‌ನ ಸ್ಟ್ಯಾಕ್ ಬಳಕೆ, ಇಂಟರಪ್ಟ್‌ಗೆ ಸ್ಪಂದಿಸಲು ಹಿಡಿಯುವ ಸಮಯ ಅಳೆದು ಬರೆದಿಡಬೇಕು. ಹೋಲಿಸಲು ಬೇರೆ ಆಧಾರವಿರುವುದಿಲ್ಲ.

ಕೆಲವೊಮ್ಮೆ ತಪ್ಪು ಹಳೆಯ ಕೋಡಿನದ್ದು, ಬೈಗುಳ ಹೊಸ ಆವೃತ್ತಿಗೆ. ಕಾರ್ಟೆಕ್ಸ್-ಎಂ ಚಿಪ್‌ಗಳಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಇಂಟರಪ್ಟ್‌ನ ಪ್ರಾಶಸ್ತ್ಯ ಹೆಚ್ಚು. ಏನೂ ಹೊಂದಿಸದಿದ್ದರೆ ಅದು 0, ಅಂದರೆ ಎಲ್ಲಕ್ಕಿಂತ ಮೇಲು. ಅಂಥ ಇಂಟರಪ್ಟ್‌ನಿಂದ ಫ್ರೀಆರ್‌ಟಿಓಎಸ್ ಫಂಕ್ಷನ್ ಕರೆಯುವುದು ನಿಷಿದ್ಧ. ಹಿಂದಿನ ಪೋರ್ಟ್‌ಗಳು (ಚಿಪ್‌ಗೆ ಹೊಂದಿಸಿದ ಆವೃತ್ತಿಗಳು) ಸುಮ್ಮನಿದ್ದವು. ಈಗಿನವು ಅಸರ್ಟ್ ಎಂಬ ತಪಾಸಣೆ ಆನ್ ಇದ್ದರೆ ಅಲ್ಲೇ ನಿಲ್ಲಿಸುತ್ತವೆ. ‘ಮೊದಲು ಸರಿಯಿತ್ತು’ ಎಂದು ಅಸರ್ಟ್ ಆಫ್ ಮಾಡುವವರಿಗೆ ಏನು ಹೇಳೋಣ!

ಫೀಲ್ಡಿಗೆ ಕಳಿಸುವಾಗ ಎಂಸಿಯುಬೂಟ್‌ನಂಥ ಬೂಟ್‌ಲೋಡರ್ ನೆರವಿಗಿದೆ. ಹೊಸ ಫರ್ಮ್‌ವೇರನ್ನು ಮೊದಲು ಪರೀಕ್ಷೆಗೆಂದು ಓಡಿಸಿ, ಅದು ತನ್ನನ್ನು ಖಚಿತಪಡಿಸಿಕೊಳ್ಳದಿದ್ದರೆ ಮುಂದಿನ ರೀಸ್ಟಾರ್ಟ್‌ನಲ್ಲಿ ಹಳೆಯದನ್ನೇ ತರುತ್ತದೆ. ಆದರೆ ಅಷ್ಟರಲ್ಲಿ ಹೊಸದು ಫ್ಲ್ಯಾಶ್‌ನಲ್ಲಿದ್ದ ಸೆಟ್ಟಿಂಗ್‌ಗಳನ್ನು ತನ್ನ ಫಾರ್ಮ್ಯಾಟಿಗೆ ಬದಲಿಸಿಬಿಟ್ಟಿದ್ದರೆ, ಮರಳಿ ಬಂದ ಹಳೆಯದಕ್ಕೆ ಅವನ್ನು ಓದಲು ಬಾರದು. ಖಚಿತವಾಗುವ ತನಕ ಸೆಟ್ಟಿಂಗ್‌ಗಳಿಗೆ ಕೈ ಹಚ್ಚಬಾರದೆಂಬ ನಿಯಮ ಇದಕ್ಕಾಗಿಯೇ.